ಬೀಗದಕ್ಕ ಬರೆದ ವರದಿ

ಮೂವತ್ತೊಂದು ವರ್ಷಗಳ ಸೇವೆ ಮುಗಿಸಿ ಈ ತಿಂಗಳು ನಿವೃತ್ತರಾಗುತ್ತಿರುವ ನಮ್ಮ ಮೇಡಂ ಅವರನ್ನು ಆಸ್ಪತ್ರೆಯ ಹೊರಗಿನವರು ಬಲ್ಲದ್ದು ಕಡಿಮೆ; ಒಳಗಿನವರೆಲ್ಲ ಪ್ರೀತಿಯಿಂದಲೋ ಸಿಟ್ಟಿನಿಂದಲೋ ಕರೆಯುವುದು ‘ಬೀಗದಕ್ಕ’ ಎಂದು. ಯಾವ ರೋಗಿಯ ದಾಖಲೆಯನ್ನು ಯಾರು ತೆರೆಯಬಹುದು, ಯಾರು ತೆರೆಯಕೂಡದು ಎಂದು ತೀರ್ಮಾನಿಸುವ ಅನುಮತಿ ತಂತ್ರಾಂಶವನ್ನು ನಮ್ಮ ಸರ್ವರ್‌ನಲ್ಲಿ ನೆಲೆಗೊಳಿಸಿ, ಸಾಕಿ ಸಲಹಿದವರು ಅವರು. ಅವರ ಮೇಜಿನ ಮೇಲಿನ ಮೌಸ್ ಧೂಳು ಹಿಡಿದಿರುತ್ತಿತ್ತು. ಕಪ್ಪು ಪರದೆಯಲ್ಲಿ ಆಜ್ಞೆಗಳನ್ನು ಟೈಪ್ ಮಾಡಿಯೇ ಎಲ್ಲವನ್ನೂ ನಡೆಸುತ್ತಿದ್ದರು.

ಅವರದೊಂದು ಪದ್ಧತಿಯಿತ್ತು. ಆಜ್ಞೆ ಟೈಪ್ ಮಾಡಿದ ಮೇಲೆ, ಎಂಟರ್ ಒತ್ತುವ ಮುನ್ನ, ಎರಡೂ ಕೈಗಳನ್ನು ಮಡಿಲಲ್ಲಿಟ್ಟುಕೊಂಡು ಅದನ್ನು ಗಟ್ಟಿಯಾಗಿ ಓದಬೇಕು. ಪಕ್ಕದಲ್ಲಿ ಇನ್ನೊಬ್ಬರು ಕೂತು ಕೇಳಿಸಿಕೊಳ್ಳಬೇಕು. ಅವಸರ ಮಾಡಲು ಬಂದ ನಿರ್ದೇಶಕರನ್ನೇ ಕೂರಿಸಿಕೊಂಡು ಓದಿ ಹೇಳಿದ್ದೂ ಉಂಟು. ನಲವತ್ತು ದಾಟಿದ ಮೇಲೆ ದಾಖಲೆ ಕೊಠಡಿಯಿಂದ ಪ್ರೊಬೇಷನ್ ಮೇಲೆ ಇಲ್ಲಿಗೆ ಬಂದ ನನಗೆ ಇದೆಲ್ಲ ಶುದ್ಧ ತಲೆಹರಟೆ ಅನ್ನಿಸಿತ್ತು.

ಹನ್ನೊಂದು ವರ್ಷಗಳ ಹಿಂದೆ ಒಂದು ಬೆಳಿಗ್ಗೆ ಆ ತಂತ್ರಾಂಶದ ಹೊಸ ಆವೃತ್ತಿ ಹಾಕುತ್ತಿದ್ದೆವು. ಶಸ್ತ್ರಚಿಕಿತ್ಸಾ ವಿಭಾಗದಿಂದ ಕರೆ ಬಂತೆಂದು ಮೇಡಂ ಎದ್ದು ಹೋದರು. ಅಷ್ಟರಲ್ಲಿ ಪರದೆಯ ಮೇಲೊಂದು ಪ್ರಶ್ನೆ ಮೂಡಿತು: ಇಲ್ಲಿರುವ ನಿಯಮಗಳ ಹಳೆಯ ಫೈಲನ್ನೇ ಉಳಿಸಲೋ, ಜೊತೆಗೆ ಬಂದ ಹೊಸದನ್ನು ಹಾಕಲೋ? ಹೊಸದು ಒಳ್ಳೆಯದೇ ಇರಬೇಕೆಂದು ನಾನು ಹೂಂ ಎಂದು ಕೀಲಿ ಒತ್ತಿಬಿಟ್ಟೆ. ಹಳೆಯದು ಮೇಡಂ ವರ್ಷಗಟ್ಟಲೆ ಸಾಲುಸಾಲಾಗಿ ಬರೆದದ್ದು. ಹೊಸದು ಬರೀ ಮಾದರಿ, ಅದರಲ್ಲಿ ಎಲ್ಲರಿಗೂ ಎಲ್ಲಕ್ಕೂ ಅನುಮತಿ. ಅವರು ಮರಳಿದಾಗ ಸುಸೂತ್ರವಾಗಿ ಮುಗಿಯಿತೆಂದು ಹೇಳಿದೆ. ಬಾಗಿಲು ಮುಚ್ಚಿಕೊಂಡರೆ ಹತ್ತು ಫೋನ್ ಬರುತ್ತವೆ, ಹಾರುಹೊಡೆದಿದ್ದರೆ ಯಾರೂ ಫೋನ್ ಮಾಡುವುದಿಲ್ಲ. ನಾಲ್ಕು ದಿನ ಒಂದು ದೂರೂ ಬರಲಿಲ್ಲ.

ಐದನೆಯ ದಿನ ಒಬ್ಬ ನರ್ಸ್ ಅಳುತ್ತಾ ನಮ್ಮ ಕೋಣೆಗೆ ಬಂದರು. ಅವರು ಖಿನ್ನತೆಗೆ ಚಿಕಿತ್ಸೆ ಪಡೆಯುತ್ತಿದ್ದ ವಿಷಯವನ್ನು ಯಾರೋ ಕಂಪ್ಯೂಟರಿನಲ್ಲಿ ನೋಡಿ ಕ್ಯಾಂಟೀನಿನ ತುಂಬ ಹಬ್ಬಿಸಿದ್ದರು. ಮೇಡಂ ಐದೇ ನಿಮಿಷದಲ್ಲಿ ತಪ್ಪನ್ನು ಕಂಡುಹಿಡಿದು, ಹಳೆಯ ಫೈಲನ್ನು ಮರಳಿ ಕೂರಿಸಿದರು. ಆಮೇಲೆ ನನ್ನ ಕಡೆ ತಿರುಗಿದರು.

“ಪ್ರಶ್ನೆ ಓದಿದ್ರಾ?”

“ಇಲ್ಲ ಮೇಡಂ.”

“ಕೀಬೋರ್ಡ್ ಬಿಟ್ಟು ಎದ್ದು ಹೋಗಿದ್ದು ನಾನು,” ಎಂದಷ್ಟೇ ಹೇಳಿ, ತಮ್ಮ ಅಜಾಗರೂಕತೆಯಿಂದಲೇ ಹೀಗಾಯಿತೆಂದು ವರದಿ ಬರೆದರು. ನನ್ನ ಪ್ರೊಬೇಷನ್ ಮುಗಿಯಲು ಎರಡು ತಿಂಗಳಿತ್ತು, ಮನೆಯಲ್ಲಿ ಇಬ್ಬರು ಮಕ್ಕಳಿದ್ದರು. ನಾನು ಬಾಯಿಗೆ ಬೀಗ ಹಾಕಿಕೊಂಡೆ. ಆ ವರ್ಷ ವಿಭಾಗದ ಮುಖ್ಯಸ್ಥರ ಹುದ್ದೆ ಅವರ ಕೈತಪ್ಪಿತು. ಅದಕ್ಕೆ ಅವರು ಕೊರಗಲಿಲ್ಲ. ಕ್ಷಮೆ ಕೇಳಲು ಹೋದಾಗ ಆ ನರ್ಸ್ ಮುಖ ತಿರುಗಿಸಿಕೊಂಡು ಹೋದದ್ದಕ್ಕೆ ಮಾತ್ರ ತುಂಬ ನೊಂದರು. ಒಂದೇ ಬಸ್ಸಿನಲ್ಲಿ ಬಂದುಹೋಗುತ್ತಿದ್ದ ಗೆಳತಿಯರವರು. ಅಂದಿನಿಂದ ಇಂದಿನವರೆಗೂ ಮಾತಿಲ್ಲ.

ಮೇಡಂ ಬೀಳ್ಕೊಡುಗೆಗೆಂದು ತರುತ್ತಿರುವ ಈ ಸಂಪುಟಕ್ಕೆ ಬಂದ ಇತರ ಲೇಖನಗಳ ಕರಡು ನೋಡಿದೆ. ಇಂಥವರೂ ಒಮ್ಮೆ ಎಡವಿದ್ದುಂಟು ಎಂದು ಮೂವರು ದೊಡ್ಡ ಮನಸ್ಸು ಮಾಡಿ ಬರೆದಿದ್ದಾರೆ. ಓದಿ ನಾಚಿಕೆಯಾಯಿತು. ಇಷ್ಟು ವರ್ಷ ಅವರನ್ನು ಕೇಳದೆ ಒಂದು ಆಜ್ಞೆಯನ್ನೂ ಕೊಡದ ನಾನು, ಈ ಲೇಖನವನ್ನು ಮಾತ್ರ ಅವರಿಗೆ ತೋರಿಸದೆ ಸಂಪಾದಕರ ಕೈಗೆ ಕೊಟ್ಟಿದ್ದೇನೆ. ತೋರಿಸಿದ್ದರೆ ಹರಿದುಹಾಕುತ್ತಿದ್ದರು.

ಮೇಡಂ ಆಯುರಾರೋಗ್ಯದಿಂದ ಬಹುಕಾಲ ಬಾಳಲಿ, ಅವರ ತಿಳಿವಳಿಕೆ ಇನ್ನಷ್ಟು ಜನರಿಗೆ ದಕ್ಕಲಿ ಎಂದು ಹಾರೈಸುತ್ತೇನೆ. ಉಳಿದದ್ದು ಆ ನರ್ಸ್ ಅಕ್ಕನವರಲ್ಲಿ ಅರಿಕೆ. ಅಂದು ಆ ಕೀಲಿಯನ್ನು ಒತ್ತಿದವನು ನಾನು. ದಯವಿಟ್ಟು ಬೀಳ್ಕೊಡುಗೆ ಸಮಾರಂಭಕ್ಕೆ ಬನ್ನಿ, ಅವರೊಡನೆ ಮಾತಾಡಿ. ಮಾತು ಬಿಡುವುದಿದ್ದರೆ ನನ್ನೊಡನೆ ಬಿಡಿ.