ಚಿಟಿಕೆಯಷ್ಟು ತುಕ್ಕು

ಗ್ಯಾರೇಜಿಗೆ ಬರುವವರೆಲ್ಲ ಅವಳನ್ನು ಅತ್ತಿಗೆ ಎಂದೇ ಕರೆಯುತ್ತಿದ್ದರು. ಮೊದಲು ಹಾಗೆ ಕರೆದವನು ಅವಳ ಮೈದುನ. ಗ್ಯಾರೇಜು ಅವರಿಬ್ಬರದು. ಅವನದು ಚುರುಕು ಕೈ, ಅವಳದು ಹಿಡಿದ ಪಟ್ಟು ಬಿಡದ ಸ್ವಭಾವ.

ಆ ದಿನ ಟ್ಯಾಕ್ಸಿಯೊಂದು ವಾಪಸ್ ಬಂತು. ಬ್ರೇಕ್ ಒತ್ತಿದರೆ ಸ್ಟೀರಿಂಗ್ ಗಡಗಡ ನಡುಗುತ್ತದೆಂದು ಹಿಂದಿನ ವಾರವಷ್ಟೇ ಮೈದುನ ಅದರ ಮುಂದಿನ ಗಾಲಿಗಳ ಡಿಸ್ಕ್ ಬದಲಿಸಿದ್ದ. ನಡುಕ ಮಾತ್ರ ಜಪ್ಪಯ್ಯ ಅಂದರೂ ಹೋಗಿರಲಿಲ್ಲ.

"ಡಿಸ್ಕ್ ಹೊಸದು ಅತ್ತಿಗೆ. ಟೈರೇ ಸರಿಯಿಲ್ಲ," ಎಂದ ಮೈದುನ.

"ಟೈರಾಗಿದ್ರೆ ಬ್ರೇಕ್ ಒತ್ತದೇ ಇದ್ದಾಗ್ಲೂ ನಡುಗ್ಬೇಕಿತ್ತಲ್ಲಪ್ಪ. ಬಿಚ್ಚು."

"ಅದನ್ನ ಕೂರಿಸಿದ್ದೇ ನಾನು!"

"ಅದಕ್ಕೇ ಬಿಚ್ಚು ಅಂದಿದ್ದು."

ಅವನು ಗೊಣಗುತ್ತಲೇ ಬಿಚ್ಚಿದ. ಗಾಲಿಯ ನಡುವೆ ಡಿಸ್ಕ್ ಕೂರುವ ಲೋಹದ ಹಬ್ ಮೇಲೆ ಅತ್ತಿಗೆ ಬೆರಳಾಡಿಸಿದಳು. ಒಂದು ಕಡೆ ಚಿಟಿಕೆಯಷ್ಟು ಹಳೆಯ ತುಕ್ಕು ಹಕ್ಕಳೆಗಟ್ಟಿತ್ತು. ಅದರ ಮೇಲೆ ಕೂತ ಹೊಸ ಡಿಸ್ಕ್ ಕೂದಲೆಳೆಯಷ್ಟು ವಾಲಿಕೊಂಡೇ ತಿರುಗುತ್ತಿತ್ತು.

"ನೆಲ ಗುಡಿಸದೆ ಚಾಪೆ ಹಾಸಿದ್ದೀಯ," ಎಂದು ತಂತಿ ಬ್ರಷ್ಷನ್ನು ಅವನ ಕೈಗಿತ್ತಳು. ಲೋಹ ಹೊಳೆಯುವವರೆಗೆ ಉಜ್ಜಿಸಿದಳು. ಆಚೆ ಗಾಲಿಗೂ ಅದೇ ಶಾಸ್ತಿಯಾಯಿತು.

ಆಮೇಲೆ ಅವನನ್ನು ಪಕ್ಕದಲ್ಲಿ ಕೂರಿಸಿಕೊಂಡು ಖಾಲಿ ರಸ್ತೆಗೆ ಹೊರಟಳು. ವೇಗ ಹಿಡಿದ ಮೇಲೆ, ತನ್ನ ಮಾಮೂಲಿ ಪದ್ಧತಿಯಂತೆ, ಸ್ಟೀರಿಂಗಿನಿಂದ ಎರಡೂ ಕೈ ಎತ್ತಿ ಬ್ರೇಕ್ ಒತ್ತಿದಳು.

"ಅತ್ತಿಗೇ, ಹಿಡ್ಕೊಳ್ಳಿ!" ಮೈದುನ ಬಾಗಿಲಿನ ಹಿಡಿಕೆಗೆ ಜೋತುಬಿದ್ದ.

ಕಾರು ಒಂದಿಷ್ಟೂ ಅದುರದೆ, ಗೆರೆ ಎಳೆದ ಹಾಗೆ ನೇರವಾಗಿ ಹೋಗಿ ನಿಂತಿತು.

ಅತ್ತಿಗೆ ಅವನತ್ತ ತಿರುಗಿದಳು. "ನೋಡು, ಈಗ ನಡುಗ್ತಿರೋದು ನೀನೊಬ್ಬನೇ."