ಮುಳ್ಳು ಕೊಳ್ಳುವವರ ಕಡೆಗಿರಲಿ

ಅವರ ಎಡಗೈ ಹೆಬ್ಬೆರಳಿನ ಉಗುರು ನಡುವೆ ಸೀಳಿ ಎರಡು ಎಸಳಾಗಿ ಬೆಳೆಯುತ್ತಿತ್ತು. ಕೆಲಸಕ್ಕೆ ಸೇರಿದ ಹೊಸತರಲ್ಲಿ, ಕಬ್ಬಿಣದ ತೂಕದ ಬಟ್ಟಿನ ಮೇಲೆ ಸರ್ಕಾರದ ಮುದ್ರೆ ಒತ್ತುವಾಗ ಸುತ್ತಿಗೆ ಜಾರಿ ಬಿದ್ದ ಏಟು ಅದು. ಮನಸ್ಸಿಗೆ ಏನಾದರೂ ಸರಿಬಾರದಿದ್ದಾಗ ಅದೇ ಕೈಯ ತೋರುಬೆರಳಿನಿಂದ ಆ ಸೀಳನ್ನು ಸವರಿಕೊಳ್ಳುವುದು ಅವರ ಅಭ್ಯಾಸ. ತಾವು ಹಾಗೆ ಮಾಡುತ್ತಿದ್ದೇವೆಂಬುದು ಅವರಿಗೇ ತಿಳಿದಿತ್ತೋ ಇಲ್ಲವೋ, ನಾನು ಹೇಳಲಾರೆ.

ತೂಕ ಮತ್ತು ಅಳತೆಯ ಇಲಾಖೆಯಲ್ಲಿ ನಿರೀಕ್ಷಕರಾಗಿದ್ದು ನಿವೃತ್ತರಾದ ಅವರನ್ನು ಚಾಮರಾಜಪೇಟೆಯ ನಮ್ಮ ಅಡ್ಡರಸ್ತೆಯಲ್ಲಿ ಎಲ್ಲರೂ ‘ತೂಕದ ಮೇಡಂ’ ಎನ್ನುತ್ತಿದ್ದರು. ನನ್ನ ಪಕ್ಕದ ಮನೆಯೇ ಅವರದು. ಅವರು ಅಲ್ಲಿಗೆ ಬಂದದ್ದು ಚಿಕ್ಕಪೇಟೆಯ ಮೆಟ್ರೊ ನಿಲ್ದಾಣ ತೆರೆಯುವುದಕ್ಕೆ ಮೊದಲೋ ಅನಂತರವೋ ಎಂಬ ಸಂದೇಹ ನನಗೆ ಬಹುಕಾಲ ಇತ್ತು. ಮೊದಲು ಎಂದು ಈಗ ಖಚಿತವಾಗಿ ಹೇಳಬಲ್ಲೆ: ಮನೆ ನೋಡಲು ಬಂದ ದಿನ, ಮೆಟ್ರೊಗಾಗಿ ರಸ್ತೆ ಅಗೆದುಹಾಕಿದ್ದರಿಂದ ಮೆಜೆಸ್ಟಿಕ್ಕಿನಿಂದ ನಡೆದೇ ಬಂದೆನೆಂದು ಅವರು ಹೇಳಿದ್ದು ನೆನಪಿದೆ. ಅವರ ತಂದೆ ಬಿನ್ನಿಪೇಟೆಯ ಬಟ್ಟೆ ಗಿರಣಿಯಲ್ಲಿ ಕೂಲಿಯಾಗಿದ್ದವರು. ಆ ಮನೆತನದಲ್ಲಿ ಸರ್ಕಾರಿ ಕೆಲಸ ಹಿಡಿದ ಮೊದಲಿಗರು ಇವರು. ಕಾರು ಕೊಂಡ ಮೊದಲಿಗರೂ ಇವರೇ. ಮುಂದಿನ ಕೋಣೆಯಲ್ಲಿ ಬುದ್ಧನ ಒಂದು ಪಟ, ಅದರ ಕೆಳಗೆ ಹಿತ್ತಾಳೆಯ ಒಂದು ಸಣ್ಣ ತಕ್ಕಡಿ. ಅಲಂಕಾರವೆಂದು ಇದ್ದದ್ದು ಅವೆರಡೇ.

ನಿವೃತ್ತಿಯ ಮೇಲೂ ಅವರೊಳಗಿನ ನಿರೀಕ್ಷಕರಿಗೆ ಬಿಡುವಿರಲಿಲ್ಲ. ತಿರುವಿನ ದಿನಸಿ ಅಂಗಡಿಗೆ ಹೋದರೆ ಮೊದಲು ಮಾಡುತ್ತಿದ್ದ ಕೆಲಸ, ಅಂಗಡಿಯವರ ಕಡೆಗೆ ಮುಖಮಾಡಿರುತ್ತಿದ್ದ ತೂಕದ ಯಂತ್ರವನ್ನು ಎರಡೂ ಕೈಯಿಂದ ಹಿಡಿದು ಗಿರಾಕಿಗಳ ಕಡೆಗೆ ತಿರುಗಿಸುವುದು. “ಮೇಡಂ ಬಂದ್ರು, ತಕ್ಕಡಿ ತಿರುಗ್ಸ್ರೋ” ಎಂದು ಅಂಗಡಿಯವರು ದೂರದಿಂದಲೇ ಕೂಗಿ ನಗುತ್ತಿದ್ದರು.

“ನೀವು ಮೋಸ ಮಾಡ್ತೀರಾ ಅಂತಲ್ಲಪ್ಪಾ. ತಕ್ಕಡಿ ಮುಳ್ಳು ಯಾವಾಗ್ಲೂ ಕೊಳ್ಳೋರ ಕಡೆಗಿರ್ಬೇಕು. ನಿಮಗೆ ಕಂಡ್ರೆ ಸಾಲ್ದು, ಅವರಿಗೆ ಕಾಣ್ಬೇಕು” ಎಂಬುದು ಅವರ ಉತ್ತರ. ಈ ಮಾತನ್ನು ಅವರ ಬಾಯಲ್ಲಿ ನಾನು ಎಷ್ಟು ಸಲ ಕೇಳಿದೆನೆಂದರೆ, ಕೊನೆಕೊನೆಗೆ ಅದರ ಅರ್ಥದ ಕಡೆ ಗಮನ ಕೊಡುವುದನ್ನೇ ಬಿಟ್ಟಿದ್ದೆ.

ಅವರದು ಬೂದುಬಣ್ಣದ ಸಣ್ಣ ಕಾರು. ಒಂಟಿಯಾಗಿ ಬದುಕಿದವರಿಗೆ ಅದು ಜೊತೆಯವರಂತೆ ಇತ್ತು. ಬಸವನಗುಡಿಯ ಗ್ರಂಥಾಲಯಕ್ಕೆ ನನ್ನನ್ನು ಅನೇಕ ಸಲ ಅದರಲ್ಲಿ ಕರೆದೊಯ್ದಿದ್ದಾರೆ. ಬಿಸಿಲೇರಿದ ಹೊತ್ತಿನಲ್ಲಿ ವಾಹನಗಳ ನಡುವೆ ಸಿಕ್ಕಿಕೊಂಡರೆ ಇಂಜಿನ್ ಕಾಯುತ್ತಿತ್ತು. ಎದುರಿನ ಫಲಕದಲ್ಲಿ ಶಾಖ ತೋರಿಸುವ ಮುಳ್ಳು ಮೇಲೇರುತ್ತಿತ್ತು. ಆಗ ಅವರು, “ಸಾರ್, ಮುನಿಸ್ಕೊಂಡಿದೆ. ಸಮಾಧಾನ ಆಗೋವರ್ಗೂ ಒಂದು ಕಾಫಿ ಕುಡ್ಯೋಣ ಬನ್ನಿ” ಎಂದು ಮರದ ನೆರಳಿಗೆ ನಿಲ್ಲಿಸುತ್ತಿದ್ದರು. ಕಾಫಿಯಾದ ಮೇಲೆ ಡಿಕ್ಕಿಯಲ್ಲಿದ್ದ ಬಾಟಲಿಯಿಂದ ರೇಡಿಯೇಟರಿಗೆ ನೀರು ತುಂಬಿಸಿ ಹೊರಡುವುದು. ‘ಮುನಿಸು’ ಎಂದರೆ ಇಂಜಿನ್ ಕಾಯುವುದು: ಇದು ಅವರ ಮತ್ತು ಕಾರಿನ ನಡುವಿನ ಮಾತು, ಪಕ್ಕದಲ್ಲಿ ಕೂತು ಕೂತು ನನಗೂ ಬಂದಿತ್ತು.

ಮಂಡಿನೋವು ಹೆಚ್ಚಿ ಓಡಿಸಲಾಗದೆಂದು ತಿಳಿದಾಗ ಅವರು ಕಾರನ್ನು ಮಾರಲು ನಿಶ್ಚಯಿಸಿದರು. ಕೊಳ್ಳಲು ಬಂದವನು ಚಿಕ್ಕಪೇಟೆಯಲ್ಲಿ ಮದುವೆಯ ಕರೆಯೋಲೆಗಳನ್ನು ಅಚ್ಚು ಹಾಕಿಸಿಕೊಡುವ ಅಂಗಡಿಯ ಯುವಕ. ಅದು ಯುಗಾದಿಯ ದಿನವೆಂದು ನಾನು ಹಿಂದೊಮ್ಮೆ ಬರೆದಿಟ್ಟಿದ್ದೆ, ತಪ್ಪು. ಅಂದು ಬೆಳಿಗ್ಗೆ ರಸ್ತೆಯ ಕೊನೆಯ ಮಾಂಸದಂಗಡಿಯ ಮುಂದೆ ಉದ್ದನೆಯ ಸಾಲಿತ್ತು. ಆದ್ದರಿಂದ ಅದು ಯುಗಾದಿಯ ಮರುದಿನ, ಹೊಸತೊಡಕು. ಸಾಕ್ಷಿಯಾಗಿ ಸಹಿ ಹಾಕಲು ನನ್ನನ್ನು ಕರೆದಿದ್ದರು.

ಯುವಕ ಕಾರಿನ ಸುತ್ತ ಒಂದು ಸುತ್ತು ಬಂದು, ಮುಂಜಾನೆಯ ತಂಪಿನಲ್ಲಿ ಬೀದಿಯ ಕೊನೆಯವರೆಗೆ ಓಡಿಸಿ ತಂದ.

“ಇಂಜಿನ್ ಹೆಂಗಿದೆ ಮೇಡಂ?”

“ಚೆನ್ನಾಗಿದೆ. ಮಧ್ಯಾಹ್ನದ ಹೊತ್ತು ಸ್ವಲ್ಪ ಮುನಿಸು, ಅಷ್ಟೇ.”

“ಅಯ್ಯೋ, ನಮ್ಮನೆಯವಳಿಗೂ ಅಷ್ಟೇ ಬಿಡಿ ಮೇಡಂ! ಈಗ ಏಳು ತಿಂಗ್ಳು, ಹೊತ್ತಿಲ್ಲ ಗೊತ್ತಿಲ್ಲ ಮುನಿಸು.”

ಮೂವರೂ ನಕ್ಕೆವು. ಸಹಿಗಳಾದವು. ಅಷ್ಟರಲ್ಲಿ ಮೇಡಂ ಅವರ ತೋರುಬೆರಳು ಹೆಬ್ಬೆರಳಿನ ಸೀಳಿನ ಮೇಲೆ ಎರಡು ಸಲ ಆಡಿದ್ದನ್ನು ನಾನು ಕಂಡೆ. ಕಾರನ್ನು ಅಗಲುವ ಸಂಕಟವೆಂದು ತಿಳಿದೆ.

ಕೆಲವೇ ದಿನಗಳಲ್ಲಿ ಮೇಡಂ ಮನೆಯ ಗೇಟು ಬಡಿದ ಸದ್ದಿಗೆ ನಾನು ಹೊರಗೆ ಬಂದೆ. ಯುವಕ ಒಂದು ಪಕ್ಕಕ್ಕೆ ನಿಂತಿದ್ದ. ಅವನ ಹೆಂಡತಿಯ ಅಣ್ಣ ಕೂಗುತ್ತಿದ್ದ. ಬಸುರಿ ಹೆಂಡತಿಯನ್ನು ಕೂರಿಸಿಕೊಂಡು ಕನಕಪುರದ ರಸ್ತೆಯಲ್ಲಿ ಹೋಗುವಾಗ, ನಡುಮಧ್ಯಾಹ್ನ, ಇಂಜಿನ್ ಹೊಗೆಯಾಡಿ ಕಚ್ಚಿಕೊಂಡು ನಿಂತುಬಿಟ್ಟಿತ್ತು. ಆಕೆ ಬಿಸಿಲಲ್ಲಿ ತಲೆಸುತ್ತಿ ಬಿದ್ದು ಆಸ್ಪತ್ರೆ ಸೇರಿದ್ದಳು.

“ಹಳೇ ಕಾಯಿಲೆ ಇದು ಅಂದ ಮೆಕ್ಯಾನಿಕ್ಕು! ನಿಮಗೆ ಗೊತ್ತಿತ್ತಾ ಇಲ್ವಾ, ಅಷ್ಟು ಹೇಳಿ” ಎಂದ ಅಣ್ಣ.

“ಮೊದ್ಲು ಹೇಳಪ್ಪಾ, ನಿನ್ನ ತಂಗಿ ಹೇಗಿದಾಳೆ?” ಎಂದರು ಮೇಡಂ.

“ನಮ್ ಪುಣ್ಯ, ತಾಯಿ ಮಗು ಇಬ್ರೂ ಉಳ್ಕೊಂಡ್ರು. ಮಾತು ಮರೆಸ್ಬೇಡಿ. ಊರಿನ ತಕ್ಕಡಿಗೆಲ್ಲಾ ಸೀಲು ಹೊಡೆದೋರಂತೆ ನೀವು. ನಿಮ್ಮ ಬಾಯಿಗೆ ಯಾರು ಹೊಡೀಬೇಕಿತ್ತು ಸೀಲು?”

ಬಾಗಿಲುಗಳು ತೆರೆದುಕೊಂಡವು. ಮಹಡಿಗಳಿಂದ ಮುಖಗಳು ಬಾಗಿದವು. ದಿನಸಿ ಅಂಗಡಿಯವರೂ ಬಂದು ನಿಂತರು. ವೃತ್ತಿಯುದ್ದಕ್ಕೂ ವರ್ತಕರನ್ನು ನಿಲ್ಲಿಸಿ ಪ್ರಶ್ನೆ ಕೇಳಿದ ಹೆಂಗಸನ್ನು ಈಗ ಬೀದಿ ನೋಡುತ್ತಿತ್ತು. ಆ ನೋಟದಲ್ಲಿ ಕೆಲವರಿಗೆ ಸಂತೋಷವೂ ಇತ್ತೆಂದು ಬರೆಯದಿದ್ದರೆ ಈ ವೃತ್ತಾಂತ ಅಪೂರ್ಣವಾಗುತ್ತದೆ. ನಾಳೆ ಠಾಣೆಯಲ್ಲಿ ಮೋಸದ ದೂರು ಕೊಡುತ್ತೇವೆಂದು ಹೇಳಿ ಅವರಿಬ್ಬರೂ ಹೊರಟುಹೋದರು.

ಅಂದು ಸಂಜೆ ಬಸವನಗುಡಿಯಲ್ಲಿರುವ ನನ್ನ ಸಹಪಾಠಿ ವಕೀಲರಿಗೆ ಫೋನು ಮಾಡಿದೆ. ವ್ಯಾಪಾರಿಯಲ್ಲದ ವ್ಯಕ್ತಿ ತನ್ನ ಹಳೆಯ ಕಾರು ಮಾರಿದರೆ ಸಾಮಾನ್ಯವಾಗಿ ಕೊಂಡವರೇ ಪರೀಕ್ಷಿಸಿ ಕೊಳ್ಳಬೇಕು, ಅನಂತರ ಕೆಟ್ಟರೆ ಮಾರಿದವರ ಹೊಣೆಯಲ್ಲ. ಆದರೆ ಗೊತ್ತಿದ್ದ ದೋಷವನ್ನು ಮುಚ್ಚಿಟ್ಟಿದ್ದರೆ ಆ ಮಾತು ಬೇರೆ ಎಂದರು. “ಅವರು ದೋಷ ಹೇಳಿದ್ದಕ್ಕೆ ಸಾಕ್ಷಿ ಇದೆಯೇನೋ?” ಎಂದು ಕೇಳಿದರು. “ನಾನೇ ಇದ್ದೇನೆ” ಎಂದೆ.

ಸಮಾಧಾನದಿಂದ ಪಕ್ಕದ ಮನೆಗೆ ಹೋಗಿ ಇದನ್ನು ತಿಳಿಸಿದೆ. ಮೇಡಂ ದೀಪ ಹಾಕಿರಲಿಲ್ಲ.

“ನಾಳೆ ಏನಂತ ಹೇಳ್ತೀರಾ ಸಾರ್?”

“ಮಧ್ಯಾಹ್ನ ಮುನಿಸು ಎಂದು ನೀವು ಹೇಳಿದಿರಿ ಎಂದು. ಹೇಳಿದ್ದು ನಿಜವಷ್ಟೆ?”

“ಹೇಳಿದ್ದು ನಿಜ” ಎಂದರು. ಕತ್ತಲಲ್ಲಿ ಅವರ ಬೆರಳು ಉಗುರಿನ ಮೇಲೆ ಓಡಾಡುವ ಸಣ್ಣ ಸದ್ದು ಮಾತ್ರ ಕೇಳುತ್ತಿತ್ತು.

ಮರುದಿನ ಠಾಣೆಯಲ್ಲಿ ಸಬ್‌ಇನ್‌ಸ್ಪೆಕ್ಟರು ದೂರನ್ನು ಓದಿ, “ಗಾಡಿ ಕೆಟ್ಟಿದ್ದು ನಮ್ಮ ವಿಷ್ಯ ಅಲ್ಲ ಕಣ್ರಪ್ಪಾ. ಗೊತ್ತಿದ್ದೂ ಮುಚ್ಚಿಟ್ಟಿದ್ರೆ ಮಾತ್ರ ನಮ್ಮ ಹತ್ರ ಬರತ್ತೆ” ಎಂದು ಮೇಡಂ ಕಡೆ ನೋಡಿದರು. ಅವರು ಬಾಯಿ ತೆರೆಯುವ ಮುನ್ನ ನಾನು ಎದ್ದು, ಅಂದಿನ ಸಂಭಾಷಣೆಯನ್ನು ಅನುಕ್ರಮವಾಗಿ, ಪದಶಃ ನಿವೇದಿಸಿದೆ. ಮುನಿಸು ಎಂದರೆ ಇಂಜಿನ್ ಕಾಯುವುದೆಂದೂ ವಿವರಿಸಿದೆ.

“ನಗ್ತಾ ಏನೋ ಅಂದ್ರೆ ಅದು ಹೇಳ್ದಂಗಾ ಸಾರ್?” ಎಂದು ಯುವಕ ಮೊದಲ ಸಲ ಬಾಯಿಬಿಟ್ಟ.

“ಹೇಳಿದಾರಲ್ಲಪ್ಪಾ, ದೊಡ್ಡೋರು ಸಾಕ್ಷಿ ನುಡೀತಿದಾರೆ. ಅರ್ಥ ಆಗ್ದಿದ್ರೆ ನೀನೇ ಕೇಳ್ಬೇಕಿತ್ತು” ಎಂದು ಸಬ್‌ಇನ್‌ಸ್ಪೆಕ್ಟರು ದೂರನ್ನು ಹಿಂದಕ್ಕೆ ಚಾಚಿದರು. ಅಲ್ಲಿಗೆ ಎಲ್ಲವೂ ಮುಗಿದಿತ್ತು. ಯುವಕ ಕಾಗದಕ್ಕೆ ಕೈ ನೀಡಿದ್ದ.

“ಸಾರ್, ಒಂದ್ನಿಮಿಷ” ಎಂದರು ಮೇಡಂ. ನನ್ನ ಕಡೆ ತಿರುಗಿದರು. “ಪೂರ್ತಿ ಹೇಳ್ಲಿಲ್ಲ ನೀವು. ಆಮೇಲೆ ನಾನೂ ನಕ್ಕೆ ಅನ್ನೋದನ್ನ ಬಿಟ್ರಿ.”

ಯಾರಿಗೂ ಅರ್ಥವಾಗಲಿಲ್ಲ.

“ಇವರು ಹೆಂಡ್ತಿ ಮಾತು ತೆಗ್ದು ನಕ್ಕಾಗ್ಲೇ ಗೊತ್ತಾಯ್ತು ನನಗೆ, ನಾನಂದಿದ್ದು ಇವರಿಗೆ ತಲುಪ್ಲಿಲ್ಲ ಅಂತ. ಬಿಡಿಸಿ ಹೇಳಿದ್ರೆ ಕಾರು ಬೇಡ ಅಂತಾರೇನೋ ಅನ್ನಿಸ್ತು. ನಾನೂ ನಕ್ಕು ಸುಮ್ಮನಾದೆ.” ಅವರು ಸೀಳಿದ ಹೆಬ್ಬೆರಳನ್ನು ಮೇಜಿನ ಮೇಲೆ ಒತ್ತಿ ಹಿಡಿದಿದ್ದರು. “ಮುನಿಸು ನಮ್ಮನೆ ಮಾತು. ಮುಳ್ಳು ನನ್ನ ಕಡೆಗೇ ಇತ್ತು ಸಾರ್, ಇವರ ಕಡೆಗೆ ತಿರುಗ್ಸಿರ್ಲಿಲ್ಲ. ಇದೇ ತಪ್ಪಿಗೆ ನಾನು ಅಂಗಡಿಯೋರಿಗೆ ನೋಟಿಸು ಕೊಟ್ಟಿದೀನಿ.”

ಸಬ್‌ಇನ್‌ಸ್ಪೆಕ್ಟರು ತಗ್ಗಿದ ದನಿಯಲ್ಲಿ, “ಮೇಡಂ, ನೀವೇನು ಹೇಳ್ತಿದೀರಾ ಅಂತ ಗೊತ್ತಾ? ನಾನಿದನ್ನ ಬರ್ಕೊಂಡ್ರೆ ಕೇಸಾಗತ್ತೆ” ಎಂದರು.

“ಬರ್ಕೊಳ್ಳಿ.”

ಕೂಗಾಡಿದ್ದ ಅಣ್ಣನೂ ನೆಲ ನೋಡುತ್ತಿದ್ದ. ಯುವಕ ದೂರಿನ ಕಾಗದವನ್ನು ಬಹಳ ಹೊತ್ತು ಕೈಯಲ್ಲೇ ಹಿಡಿದಿದ್ದು, ಕೊನೆಗೆ ನಾಲ್ಕು ಮಡಿಕೆ ಮಡಿಸಿ ಜೇಬಿಗೆ ಹಾಕಿಕೊಂಡ. “ಬೇಡ ಸಾರ್” ಎಂದ, “ರಿಪೇರಿ ಮಾಡಿಸ್ಕೊಟ್ರೆ ಸಾಕು.”

ಮಾಡಿಸಿಕೊಟ್ಟರು. ಇಂಜಿನ್ ಇಳಿಸಿದ್ದ ಗ್ಯಾರೇಜಿನ ಮುಂದೆ, ಆ ಮಂಡಿನೋವಿನಲ್ಲೂ, ಸ್ಟೂಲು ಹಾಕಿಸಿಕೊಂಡು ಕೂತಿರುತ್ತಿದ್ದರು. ಯುವಕ ಕಾರು ತೆಗೆದುಕೊಂಡು ಹೋದ ದಿನ ಕೃತಜ್ಞತೆಯ ಮಾತೇನೂ ಆಡಲಿಲ್ಲ. ಆಡಬೇಕೆಂದು ಅವರೂ ಬಯಸಿರಲಿಲ್ಲ. ಬೀದಿಯ ಕೆಲವರು ಅವರನ್ನು ಪೆದ್ದಿ ಎಂದರು, ಕೆಲವರು ಕೊನೆಗೂ ಸಿಕ್ಕಿಬಿದ್ದಳು ಎಂದರು. ಮೇಡಂ ದಿನಸಿ ಅಂಗಡಿಗೆ ಹೋಗುವುದನ್ನು ನಿಲ್ಲಿಸಲಿಲ್ಲ. ಆದರೆ ಆಮೇಲೆ ಅವರು ಯಂತ್ರವನ್ನು ತಾವೇ ತಿರುಗಿಸಿದ್ದನ್ನು ನಾನು ಕಾಣಲಿಲ್ಲ. ಅಂಗಡಿಯವರೇ ಏನೂ ಅನ್ನದೆ ತಿರುಗಿಸುತ್ತಿದ್ದರು.

ಅವರು ತೀರಿಕೊಂಡದ್ದು ಕಳೆದ ವರ್ಷ, ಬುದ್ಧಪೂರ್ಣಿಮೆ ಕಳೆದು ಬಂದ ಭಾನುವಾರ. ಪಂಚಾಂಗ ನೋಡಿಯೇ ಬರೆಯುತ್ತಿದ್ದೇನೆ. ಬಿನ್ನಿಪೇಟೆಯಿಂದ ಬಂದ ಬಂಧುಗಳು ‘ಬುದ್ಧಂ ಸರಣಂ ಗಚ್ಛಾಮಿ’ ಎಂದು ತ್ರಿಸರಣ ಹೇಳುತ್ತಿದ್ದರು. ಬಿಳಿಯ ಹೊದಿಕೆಯ ಮೇಲೆ ಜೋಡಿಸಿದ್ದ ಕೈಗಳಲ್ಲಿ ಆ ಸೀಳು ಉಗುರು ಮೇಲಕ್ಕೆ ಕಾಣುತ್ತಿತ್ತು.

ನೆತ್ತಿಯ ಮೇಲೆ ಸೂರ್ಯನಿದ್ದಾಗ ಬೂದುಬಣ್ಣದ ಕಾರು ಬಂದು ಗೇಟಿನ ಮುಂದೆ ನಿಂತಿತು. ಯುವಕ, ಅವನ ಹೆಂಡತಿ, ನಡುವೆ ಕೈಹಿಡಿದು ನಡೆಯುವ ಒಂದು ಮಗು. ಹೂವಿನ ಹಾರವಿಟ್ಟು ಅವನು ನನ್ನ ಬಳಿಗೆ ಬಂದ.

“ಹೋದ್ ತಿಂಗ್ಳು ಇದನ್ನ ಮಾರಣ ಅಂತಿದ್ದೆ ಸಾರ್” ಎಂದ. “ಒಬ್ರು ಬಂದ್ರು, ಇಷ್ಟಾನೂ ಪಟ್ರು. ಇಂಜಿನ್ ಗಟ್ಟಿ, ಆದ್ರೆ ಕ್ಲಚ್ಚು ಈ ವರ್ಷ ದಾಟಲ್ಲ, ಬ್ರೇಕು ಎಡಕ್ಕೆ ಎಳೆಯತ್ತೆ ಅಂತ ಪಕ್ಕದಲ್ಲಿ ಕೂರಿಸ್ಕೊಂಡು ಎಲ್ಲಾ ತೋರಿಸ್ದೆ.”

“ಏನೆಂದರು?”

“ತಗೊಳ್ಲಿಲ್ಲ ಸಾರ್, ಹೊರಟೋದ್ರು” ಎಂದು ಅವನು ಒಳಗೆ, ಆ ಕೈಗಳ ಕಡೆ ನೋಡಿದ. “ಅದಕ್ಕೇ ಇವತ್ತು ಇದರಲ್ಲೇ ಬಂದೆ.”