ಅಂಚಿನಿಂದ ಹಳದಿಯಾಗುತ್ತಿದ್ದ ಗಾಜು

ಆ ಗಾಜನ್ನು ಮೊದಲ ಸಲ ಶಹಾಬಾದಿನ ನಮ್ಮ ಮನೆಗೆ ತಂದಾಗ ಅವ್ವ ಅದನ್ನು ಕಣ್ಣಿಗೆ ಹಿಡಿದು, "ಇದರಾಗಿಂದ ಬೇವಿನ ಗಿಡ ಕಾಣ್ಲಿಕತ್ತದಲ್ಲ, ಇದು ಕರೆಂಟ್ ಹ್ಯಾಂಗ ಕೊಡ್ತದ?" ಅಂದಳು.

ಅಂಗೈಯಗಲದ ಗಾಜು, ತೆಳು ಚಹಾದ ಬಣ್ಣ. ಒಳಗೆ ಪೆರೋವ್‌ಸ್ಕೈಟ್ ಎಂಬ ಪದಾರ್ಥದ ಪದರ. ಅದು ಸ್ವಲ್ಪ ಬೆಳಕನ್ನು ಹಿಡಿದು ಕರೆಂಟು ಮಾಡುತ್ತದೆ, ಉಳಿದದ್ದನ್ನು ಒಳಗೆ ಬಿಡುತ್ತದೆ. ಹಾಗಾಗಿ ಕಿಟಕಿಗೇ ಕೂರಿಸಬಹುದು. ಕಲಬುರಗಿಯ ಲ್ಯಾಬಿನಲ್ಲಿ ನನ್ನ ಸಂಶೋಧನೆಯೇ ಅದು.

ಆದರೆ ತೇವ ತಾಗಿದರೆ ಆ ಪದರ ಹಳದಿಯಾಗಿ ಸಾಯುತ್ತದೆ. ನಮ್ಮ ಬಿಸಿಲು, ಮಳೆ ತಡೆಯುತ್ತದೋ ನೋಡೋಣವೆಂದು ಅಡುಗೆಮನೆ ಕಿಟಕಿಗೆ ಕಟ್ಟಿ, ಆಟಿಕೆಯ ಫ್ಯಾನ್ ಜೋಡಿಸಿದೆ. ಅದು ತಿರುಗಿದಾಗ ಇಬ್ಬರೂ ಚಪ್ಪಾಳೆ ಹೊಡೆದೆವು. ಮೊದಲ ಮಳೆ ಬಿದ್ದ ವಾರವೇ ನಿಂತಿತು. ಇನ್ನೊಂದು ಗಾಜು ತಂದು ಕಟ್ಟಿದೆ, ಅದೂ ನಿಂತಿತು. ನಾನು ಪದರದ ರಸಾಯನವನ್ನೇ ಬದಲಿಸುತ್ತ ಹೋದೆ.

ಅವ್ವ ಬಹಳ ವರ್ಷ ನೆಲಕ್ಕೆ ಹಾಸುವ ಫರ್ಸಿ ಕಲ್ಲಿನ ಪಾಲಿಶ್ ಮಷೀನಿನಲ್ಲಿ ದುಡಿದವಳು. ಮೂರನೆಯ ಗಾಜೂ ಸತ್ತ ದಿನ ನಾನು ಬಿಚ್ಚಿಟ್ಟ ಗಾಜಿನ ಅಂಚಿಗೆ ಹೆಬ್ಬೆರಳು ಎಳೆದಳು.

"ನಡುವ ಏನ್ ನೋಡ್ಲಿಕತ್ತಿ? ಹಳದಿ ಎಲ್ಲಿಂದ ಸುರು ಆಗ್ಯಾದ ನೋಡು. ಮೂಲಿಯಿಂದ. ಅಲ್ಲೇ ಚಕ್ಕಿ ಎದ್ದದ. ಕಲ್ಲಾದ್ರೂ ಅಷ್ಟೇ ಯವ್ವಾ, ಅಂಚು ಖರಖರ ಇದ್ರ ನೀರು ಒಳಗ ಹೋಗ್ತದ."

ಮರುದಿನ ಮೈಕ್ರೋಸ್ಕೋಪಿನಡಿ ಇಟ್ಟು ನೋಡಿದೆ. ಪದರದ ಮೇಲೆ ಹೊದಿಸಲು ನಾನೇ ಕೈಯಿಂದ ಕತ್ತರಿಸಿದ ಮುಚ್ಚುಗಾಜು. ಅಂಚಿನ ತುಂಬ ಸಣ್ಣ ಸೀಳು. ಅಲ್ಲಲ್ಲಿ ಸೀಲ್ ಮಾಡಿದ ಅಂಟು ಎದ್ದಿತ್ತು. ಸಂಜೆಯ ರೈಲಿಗೇ ಬರಿಗಾಜುಗಳನ್ನು ಕಟ್ಟಿಕೊಂಡು ಊರಿಗೆ ಓಡಿದೆ. ಅಂಗಳದಲ್ಲಿ ಕೂತು ಪಾಲಿಶ್ ಕಾಗದದಿಂದ ಅಂಚು ಉಜ್ಜುವುದನ್ನು ಅವ್ವ ಕಲಿಸಿದಳು. "ಒತ್ತಬ್ಯಾಡ, ನೀರು ಹಾಕ್ಕೋತ ಎಳಿ."

ಆ ಗಾಜುಗಳಿಂದ ಮಾಡಿದ ಹೊಸದನ್ನು ಕಿಟಕಿಗೆ ಕಟ್ಟಿದ ಮೇಲೆ ಮಳೆ ಹಿಡಿದು ಹೊಡೆಯಿತು. ಚಂದ್ರಂಪಳ್ಳಿ ಡ್ಯಾಮು ತುಂಬಿತೆಂದು ಬಸ್ಸಿನಲ್ಲೆಲ್ಲ ಅದೇ ಮಾತು. ಬಿಸಿಲು ಬಿದ್ದಾಗೆಲ್ಲ ಅವ್ವನ ಫೋನು: "ತಿರುಗ್ಲಿಕತ್ತದ! ಭಾಳ ಜೋರ್ ತಿರುಗ್ಲಿಕತ್ತದ!" ದಸರೆಗೆ ಹೋಗಿ ಅಳೆದರೆ ಶಕ್ತಿ ಹೆಚ್ಚುಕಮ್ಮಿ ಹಾಗೇ ಇತ್ತು. ಬಣ್ಣವೂ ಅದೇ. ನಂಬಿಕೆಯಾಗದೆ ಮೂರು ಸಲ ಅಳೆದೆ.

ನಮ್ಮ ಗೈಡು ಮಾತ್ರ, "ಒಂದರಿಂದ ಏನೂ ಸಾಬೀತಾಗಂಗಿಲ್ಲ, ಇನ್ನೂ ನಾಲ್ಕು ಮಾಡ್ರಿ" ಅಂದರು. ಮಾಡಿದೆವು. ಸಿಮೆಂಟ್ ಧೂಳಿನ ವಾಡಿಯಲ್ಲಿ ಚಿಕ್ಕಮ್ಮನ ಮನೆಗೊಂದು, ಸೇಡಂ, ಚಿತ್ತಾಪುರದ ಬಂಧುಗಳಿಗೊಂದೊಂದು, ಲ್ಯಾಬಿನ ಮಾಳಿಗೆಗೊಂದು. ಮುಂದಿನ ಮಳೆಗಾಲ ಮುಗಿದಾಗ ಮೂರು ಗಟ್ಟಿಯಾಗಿ ನಿಂತಿದ್ದವು. ಸೇಡಂನದು ಹಳದಿಯಾಗಿತ್ತು. ಯಾಕೆಂದು ನೋಡಲು ನಾನು ತಲುಪುವಷ್ಟರಲ್ಲಿ ಅವ್ವ ಆಗಲೇ ಅಲ್ಲಿಗೆ ಹೋಗಿ ಅಂಚು ನೋಡಲು ಕಿಟಕಿಯ ಗಾಜು ಬಿಚ್ಚಿಸುತ್ತಿದ್ದಳು.